ಬಾವುಟದವನ ಕೂಲಿ

1979ರ ಶ್ರಾವಣದ ಮೊದಲ ಗುರುವಾರ, ಬೆಳಗಿನ ತಿಂಡಿ ಮುಗಿದು ಕಾಂಕ್ರೀಟು ಕೆಲಸ ಶುರುವಾದ ಹೊತ್ತಿಗೆ, ನಾನು ಶ್ರೀನಿವಾಸಪುರದಲ್ಲಿ ಕಟ್ಟುತ್ತಿದ್ದ ನೀರಿನ ಟ್ಯಾಂಕಿನ ಬುಡದಲ್ಲಿ, ಕಾಂಕ್ರೀಟಿನ ಬಕೆಟ್ಟನ್ನು ಮೇಲಕ್ಕೆಳೆಯುವ ವಿಂಚಿನ ಎಡಕ್ಕೆ ನಿಂತಿದ್ದೆ. ನನಗೂ ವಿಂಚಿಗೂ ನಡುವೆ ಒಂದು ಡೀಸೆಲ್ ಡ್ರಮ್ಮು ಇತ್ತು. ಅದರ ಮೇಲೆ ಕೈ ಊರಿದ್ದೆ. ಇಂಜಿನ್ನಿನ ನಡುಕ ಡ್ರಮ್ಮಿನಿಂದ ನನ್ನ ಅಂಗೈಗೆ ಬರುತ್ತಿತ್ತು. ನಾನು ನಿಂತ ಜಾಗದಿಂದ ವಿಂಚಿನ ಆಪರೇಟರ್ ಕಾಣುತ್ತಿದ್ದ, ಅವನ ಕೈ ಕಾಣುತ್ತಿತ್ತು, ಮೇಲಕ್ಕೆ ಹೋಗುವ ಕಬ್ಬಿಣದ ಹಗ್ಗ ಅರ್ಧದವರೆಗೆ ಕಾಣುತ್ತಿತ್ತು. ಕಾಂಕ್ರೀಟು ಇಳಿಸಿಕೊಳ್ಳುತ್ತಿದ್ದ ಮೇಲಿನ ಅಟ್ಟಣಿಗೆ ಕಾಣುತ್ತಿರಲಿಲ್ಲ. ಸೆಂಟ್ರಿಂಗ್ ಹಲಗೆಗಳು ಹೊರಕ್ಕೆ ಚಾಚಿಕೊಂಡು ಅದನ್ನು ಮರೆಮಾಡಿದ್ದವು. ಕಂಡದ್ದು ಯಾವುದು, ಬರೀ ಕೇಳಿದ್ದು ಯಾವುದು ಎಂಬುದು ಆಮೇಲೆ ಮುಖ್ಯವಾಯಿತು. ಆದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಆ ಕೆಲಸ ನನ್ನದಲ್ಲ. ಅದೇ ನಕ್ಷೆಯ, ಅದೇ ಅಳತೆಯ ಇನ್ನೊಂದು ಟ್ಯಾಂಕನ್ನು ನಾನು ಮುಳಬಾಗಿಲಿನಲ್ಲಿ ಕಟ್ಟಿಸುತ್ತಿದ್ದೆ. ಎರಡಕ್ಕೂ ಒಬ್ಬರೇ ಗುತ್ತಿಗೆದಾರರು. ಶ್ರೀನಿವಾಸಪುರದ ಸೂಪರ್‌ವೈಸರ್ ನನಗಿಂತ ಮೂರು ವರ್ಷ ಚಿಕ್ಕವನು. ನಾನು ಓದಿದ ಪಾಲಿಟೆಕ್ನಿಕ್ಕಿನಲ್ಲೇ ಓದಿದವನು, ಮನೆಮಾತು ತೆಲುಗು, ನನ್ನನ್ನು ಅಣ್ಣ ಎಂದು ಕರೆಯುತ್ತಿದ್ದ. ನನ್ನ ಕೆಲಸ ಬಿಟ್ಟು ಅವನ ಕೆಲಸ ನೋಡಲು ನಾನು ಯಾಕೆ ಬಂದಿದ್ದೆ ಎಂದು ತಿಳಿಯಬೇಕಾದರೆ ಕೋಲಾರದ ಶನಿವಾರಗಳ ವಿಷಯ ಹೇಳಬೇಕು.

ಕೋಲಾರದಲ್ಲಿ ಗುತ್ತಿಗೆದಾರರ ಆಫೀಸು ಇತ್ತು. ಪ್ರತಿ ಶನಿವಾರ ಸಂಜೆ ನಾವಿಬ್ಬರೂ ಅಲ್ಲಿಗೆ ಹೋಗಬೇಕು. ಮ್ಯಾನೇಜರು ಗೋಡೆಯ ಕಪ್ಪು ಹಲಗೆಯ ನಡುವೆ ಒಂದು ಗೆರೆ ಎಳೆಯುತ್ತಿದ್ದರು. ಎಡಕ್ಕೆ ಮುಳಬಾಗಿಲು, ಬಲಕ್ಕೆ ಶ್ರೀನಿವಾಸಪುರ. ಅದರ ಕೆಳಗೆ ನಾಲ್ಕು ಬಾಬ್ತು: ಸಾಮಾನು, ಕೂಲಿ, ಯಂತ್ರ, ಸಾಗಣೆ. ಆ ವಾರ ಎಷ್ಟು ಕಾಂಕ್ರೀಟು ಬಿದ್ದಿದೆಯೋ ಅದರಿಂದ ಪ್ರತಿ ಬಾಬ್ತನ್ನೂ ಭಾಗಿಸಿ ಬರೆಯುತ್ತಿದ್ದರು. ಖರ್ಚಾದ ಮೇಲೆ ಲೆಕ್ಕ ಬರೆಯುವುದು ಗುಮಾಸ್ತರ ಕೆಲಸ, ಆಗುತ್ತಿರುವಾಗಲೇ ಕುತ್ತಿಗೆ ಹಿಡಿಯುವುದು ನಮ್ಮ ಕೆಲಸ ಎನ್ನುವುದು ಅವರ ಮಾತು. ಕೆಲಸ ಗೊತ್ತಿದ್ದ ಮನುಷ್ಯ. ಆಗ ಸಿಮೆಂಟು ಪರ್ಮಿಟ್ಟಿನ ಮೇಲೆ ಬರುತ್ತಿದ್ದ ಕಾಲ. ಒಂದು ಮೂಟೆ ಒದ್ದೆಯಾಗಿ ಗಟ್ಟಿಯಾದರೆ ಮುಂದಿನ ಮೂಟೆಗೆ ವಾರಗಟ್ಟಲೆ ಕಾಯಬೇಕು. ಖಾಲಿ ಚೀಲ ಕೂಡ ಎಣಿಸಿ ವಾಪಸು ಕೊಡುತ್ತಿದ್ದೆವು.

ನಕ್ಷೆ ಒಂದೇ, ಅಳತೆ ಒಂದೇ, ಯಂತ್ರ ಒಂದೇ ತರಹದ್ದು. ಹಾಗಾಗಿ ಹೋಲಿಕೆಯಿಂದ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ವಾರ ವಾರವೂ ಬಲಗಡೆಯ ಅಂಕಿ ಚಿಕ್ಕದು, ಎಡಗಡೆಯದು ದೊಡ್ಡದು.

"ಏನಯ್ಯಾ," ಎನ್ನುತ್ತಿದ್ದರು ಮ್ಯಾನೇಜರು, "ಮುಳಬಾಗಿಲಿನಲ್ಲಿ ಬಾಗಿಲು ತೆಗೆದೇ ಇಟ್ಟಿದ್ದೀಯಾ? ದುಡ್ಡು ಹೊರಗೆ ಹೋಗ್ತಾನೇ ಇದೆಯಲ್ಲ!"

ಶ್ರೀನಿವಾಸಪುರದವನು ನಗುತ್ತಿದ್ದ. ನನ್ನನ್ನು ನೋಯಿಸಲೆಂದು ಅಲ್ಲ, ನಗು ಬಂತು, ನಕ್ಕ. ನನಗೆ ಅದೇ ಹೆಚ್ಚು ಉರಿಯುತ್ತಿತ್ತು. ದಿನವಿಡೀ ಸಿಮೆಂಟಿನಲ್ಲಿ ನಿಂತು ಬಂದರೂ ಅವನ ಅಂಗಿಯ ಇಸ್ತ್ರಿ ಕೆಟ್ಟಿರುತ್ತಿರಲಿಲ್ಲ. ಕಾಫಿ ಬಂದರೆ ಮ್ಯಾನೇಜರು ಮೊದಲ ಲೋಟವನ್ನು ಅವನ ಕಡೆ ತಳ್ಳುತ್ತಿದ್ದರು. ನಾನು ಆ ಲೋಟವನ್ನು ನೋಡಬಾರದು ಎಂದುಕೊಂಡು ನೋಡುತ್ತಿದ್ದೆ.

ಜೂನಿನಲ್ಲಿ ಒಂದು ಶನಿವಾರ ಮ್ಯಾನೇಜರು ಇನ್ನೊಂದು ವಿಷಯ ಹೇಳಿದರು. ಮಾಲೂರಿನಲ್ಲಿ ಒಂದು ಹೆಂಚಿನ ಕಾರ್ಖಾನೆಯ ದೊಡ್ಡ ಕಟ್ಟಡದ ಗುತ್ತಿಗೆ ಸಿಕ್ಕಿದೆ. ಅದನ್ನು ನೋಡಿಕೊಳ್ಳಲು ಒಬ್ಬ ಬೇಕು. ಅವನ ನೌಕರಿ ಕಾಯಂ, ಇರಲು ಮನೆ. "ಟ್ಯಾಂಕು ಮುಗಿಯೋ ಹೊತ್ತಿಗೆ ಯಾರ ಕಡೆ ಅಂಕಿ ಕಮ್ಮಿ ಇರುತ್ತೋ ಅವರು ಮಾಲೂರಿಗೆ," ಎಂದರು.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ.

"ಮಾಲೂರಾ? ಇಟ್ಟಿಗೆ ದೂಳು ಬಿಟ್ರೆ ಏನಿದೆ ಅಲ್ಲಿ?" ಎಂದಳು.

"ರೈಲಿದೆ. ಕಾಯಂ ನೌಕರಿ ಇದೆ."

"ಸಿಕ್ಕಿದ್ರೆ ಸಿಗ್ಲಿ. ಅವನಿಗೇ ಕೊಟ್ರೂ ಕೊಡ್ಲಿ ಬಿಡಿ. ನಿಮಗೆ ಊಟನಾದ್ರೂ ಸೇರುತ್ತೆ."

ನನಗೆ ಮಾಲೂರು ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಅದು ಅವನಿಗೆ ಸಿಗಬಾರದಿತ್ತು. ಈ ಎರಡೂ ಒಂದೇ ಎಂದು ಆಗ ತಿಳಿದಿದ್ದೆ.

ನಾನು ಸುಮ್ಮನೆ ಕೂರಲಿಲ್ಲ. ಒಂದೊಂದೇ ಬಾಬ್ತನ್ನು ಹಿಡಿದು ನೋಡಿದೆ. ಸಾಮಾನಿನಲ್ಲಿ ನನ್ನ ಸಿಮೆಂಟು ಹೆಚ್ಚು ಹೋಗುತ್ತಿತ್ತು. ಕಳ್ಳತನವಿಲ್ಲ, ಚೀಲಗಳು ಸರಿಯಾಗಿ ವಾಪಸು ಬರುತ್ತಿದ್ದವು. ಹಾಗಾದರೆ ಎಲ್ಲಿಗೆ? ಮರಳನ್ನು ನಾವು ಮರದ ಪೆಟ್ಟಿಗೆಯಲ್ಲಿ ಅಳೆಯುತ್ತಿದ್ದೆವು. ಒಂದು ದಿನ ಮಳೆ ಬಂದು ನಿಂತ ಮೇಲೆ ಅದೇ ರಾಶಿಯ ಒಣಮರಳನ್ನು ಒಂದು ಪೆಟ್ಟಿಗೆಯಲ್ಲಿ, ಹಸಿಮರಳನ್ನು ಇನ್ನೊಂದರಲ್ಲಿ ತುಂಬಿಸಿ, ಹಸಿಮರಳಿಗೆ ಮುಳುಗುವಷ್ಟು ನೀರು ಹೊಯ್ಸಿದೆ. ಅದು ಕುಸಿದು ಪೆಟ್ಟಿಗೆಯ ಅಂಚಿನಿಂದ ಸಾಕಷ್ಟು ಕೆಳಗೆ ಹೋಯಿತು. ತೇವದಿಂದ ಮರಳು ಉಬ್ಬಿ ನಿಂತಿರುತ್ತದೆ. ಪೆಟ್ಟಿಗೆ ತುಂಬಿದಂತೆ ಕಂಡರೂ ಒಳಗೆ ಮರಳು ಕಡಿಮೆ. ಮರಳು ಕಡಿಮೆಯಾದರೆ ಒಂದು ಮೂಟೆ ಸಿಮೆಂಟಿಗೆ ಬರುವ ಕಾಂಕ್ರೀಟೂ ಕಡಿಮೆ. ಅಂದಿನಿಂದ ಹಸಿ ದಿನಗಳಲ್ಲಿ ಪೆಟ್ಟಿಗೆಯ ಮೇಲೆ ಇನ್ನೊಂದಿಷ್ಟು ಮರಳು ಹಾಕಿಸಿದೆ. ಎರಡು ವಾರದಲ್ಲಿ ನನ್ನ ಸಿಮೆಂಟು ಅವನ ಸಿಮೆಂಟಿಗೆ ಸಮವಾಯಿತು.

ಆ ಶನಿವಾರ ಎದೆಯುಬ್ಬಿಸಿಕೊಂಡು ಹೋಗಿ ಪೆಟ್ಟಿಗೆಯ ಪರೀಕ್ಷೆಯನ್ನು ವಿವರಿಸಿದೆ. ಮ್ಯಾನೇಜರು ತಲೆಯಾಡಿಸಿದರು. ಅವನು, "ಹೌದಣ್ಣಾ, ನಾವು ಮೊದಲಿಂದ ಹಾಗೇ ಹಾಕ್ತೀವಲ್ಲ," ಎಂದ.

ಮ್ಯಾನೇಜರು ಸೀಮೆಸುಣ್ಣದಿಂದ ನನ್ನ ಎರಡನೆಯ ಬಾಬ್ತನ್ನು ಕುಟ್ಟಿದರು. "ಸಿಮೆಂಟು ಸರಿಹೋಯ್ತು. ಕೂಲಿ?"

ಕೂಲಿಯಲ್ಲಿ ಅವನಿಗೂ ನನಗೂ ಇದ್ದ ವ್ಯತ್ಯಾಸ ಎಲ್ಲಿಂದ ಬರುತ್ತಿದೆ ಎಂದು ನನಗೆ ತಿಳಿದಿರಲಿಲ್ಲ. ಜನ ಅಷ್ಟೇ, ಕಲಸುವವರು ಅಷ್ಟೇ, ಬಾಂಡ್ಲಿ ಹೊರುವವರು ಅಷ್ಟೇ. ಅದರ ಮುಂದಿನ ಶನಿವಾರ, ಅಂದರೆ ನಾನು ಮೊದಲು ಹೇಳಿದ ಗುರುವಾರಕ್ಕೆ ಹಿಂದಿನ ಶನಿವಾರ, ಅವನೇ ಹೇಳಿದ. ಕೋಣೆಯಲ್ಲಿ ಇದ್ದವರು ನಾವು ಮೂವರೇ.

"ಬಾವುಟದವನನ್ನ ತೆಗೆದುಬಿಟ್ಟೆ ಸಾರ್."

ಬಾವುಟದವನು ಎಂದರೆ, ವಿಂಚಿನ ಆಪರೇಟರೂ ಮೇಲಿನ ಅಟ್ಟಣಿಗೆಯೂ ಎರಡೂ ಕಾಣುವ ಜಾಗದಲ್ಲಿ ಕೆಂಪು ಬಟ್ಟೆ, ಹಸಿರು ಬಟ್ಟೆ ಹಿಡಿದು ನಿಲ್ಲುವವನು. ಬಕೆಟ್ಟು ಮೇಲೆ ತಲುಪಿದರೆ ಕೆಂಪು. ಖಾಲಿಯಾದರೆ ಹಸಿರು. ದಿನವಿಡೀ ಅವನು ಮಾಡುವುದು ಇಷ್ಟೇ. ದೂರದಿಂದ ನೋಡುವವರಿಗೆ ಸುಮ್ಮನೆ ನಿಂತಂತೆ ಕಾಣುತ್ತದೆ.

"ಮತ್ತೆ ಆಪರೇಟರಿಗೆ ಹೇಗೆ ಗೊತ್ತಾಗುತ್ತೆ?" ಎಂದು ನಾನು ಕೇಳಿದೆ.

"ನಾನೇ ಮೇಲೆ ನಿಂತಿರ್ತೀನಲ್ಲಣ್ಣ. ನಾನೇ ಕೂಗ್ತೀನಿ. ಅವನು ನಮ್ಮೂರವನೇ. ನಾನು ಕೆಮ್ಮಿದ್ರೂ ತಿಳ್ಕೊಳ್ತಾನೆ."

ಆಗ ಮ್ಯಾನೇಜರು ಮೇಜು ತಟ್ಟಿ ಹೇಳಿದರು: "ನೋಡಯ್ಯಾ, ತಲೆ ಅಂದ್ರೆ ಇದು. ಬಾಯಿ ಇರೋವಾಗ ಬಾವುಟಕ್ಕೆ ಯಾಕೆ ಕೂಲಿ? ಬರೋ ವಾರದೊಳಗೆ ನೀನೂ ತೆಗಿ. ಒಂದಿನ ಹೋಗಿ ಇವನ ಕೆಲಸ ನೋಡ್ಕೊಂಡು ಬಾ, ಕಲಿತ್ಕೊ."

ಹೀಗೆ ನಾನು ಆ ಗುರುವಾರ ಮುಳಬಾಗಿಲಿನಿಂದ ಬಸ್ಸು ಹಿಡಿದು ಶ್ರೀನಿವಾಸಪುರಕ್ಕೆ ಬಂದೆ, ಚಿಕ್ಕವನಿಂದ ಕಲಿಯಲು. ಮಾವಿನ ವ್ಯಾಪಾರ ಮುಗಿದು ಮಂಡಿಗಳು ಖಾಲಿ ಬಿದ್ದಿದ್ದವು. ಹರಿದ ಬುಟ್ಟಿಗಳು, ಒಣಹುಲ್ಲು ರಸ್ತೆಯುದ್ದಕ್ಕೂ ಇದ್ದವು.

"ರಾ ಅಣ್ಣಾ, ರಾ!" ಎಂದು ದೂರದಿಂದಲೇ ಕೂಗಿದ. ಬಾಂಡ್ಲಿ ಹೊರುವ ಹೆಂಗಸರು ತಿಂಡಿ ಮುಗಿಸಿ ಕೈ ತೊಳೆಯುತ್ತಿದ್ದರು. ಅವರಲ್ಲಿ ಹೋಳೂರಿನಿಂದ ಬರುತ್ತಿದ್ದ ಒಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವ್ರೇನಾ ಸಾಮಿ ಮುಳಬಾಗ್ಲು ಸಾರು? ನಮ್ ಟ್ಯಾಂಕಿಗೆ ದೃಷ್ಟಿ ತೆಗೀಬೇಕು ಇವತ್ತು," ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಸುಮ್ಮನೆ ತಮಾಷೆ ಮಾಡಿದ್ದಳು. ನನ್ನ ಮುಖ ಬಿಸಿಯಾಯಿತು.

ಅವನು ಎಲ್ಲವನ್ನೂ ತೋರಿಸಿದ. ಮುಚ್ಚಿಡಲಿಲ್ಲ. ಮರಳು ಎಲ್ಲಿ ಹಾಕಿಸುತ್ತಾನೆ, ಜಲ್ಲಿ ರಾಶಿಯಿಂದ ಮಿಕ್ಸರಿಗೆ ಎಷ್ಟು ಹೆಜ್ಜೆ ಉಳಿಸಿದ್ದಾನೆ, ಎಲ್ಲವನ್ನೂ. ಜಲ್ಲಿಯನ್ನು ಲಾರಿಯಿಂದ ನೇರವಾಗಿ ಮಿಕ್ಸರಿನ ಬಾಯಿಯ ಬಳಿಗೇ ಇಳಿಸುವಂತೆ ಮಾಡಿದ್ದ. ನನಗೆ ಅದು ಹೊಳೆದಿರಲಿಲ್ಲ. ಒಂದೊಂದನ್ನು ನೋಡಿದಾಗಲೂ ಇದರಲ್ಲೇನಿದೆ ಎನ್ನಿಸುತ್ತಿತ್ತು. ಮರುಕ್ಷಣವೇ, ಹಾಗಾದರೆ ನಾನೇಕೆ ಮಾಡಲಿಲ್ಲ ಎನ್ನಿಸುತ್ತಿತ್ತು.

ಆ ದಿನ ವಿಂಚಿನ ಮೇಲೆ ಊರಿನ ಆಪರೇಟರ್ ಇರಲಿಲ್ಲ. ಅವನು ತಂಗಿಯ ಮದುವೆ ಮಾತಿಗೆ ಚಿಂತಾಮಣಿಗೆ ಹೋಗಿದ್ದ. ಅವನ ಬದಲು ಮ್ಯಾನೇಜರು ಹುಬ್ಬಳ್ಳಿ ಕಡೆಯ ಒಬ್ಬನನ್ನು ಹಿಂದಿನ ಸಂಜೆ ಕಳಿಸಿದ್ದರು. ಕೆಲಸ ಬಲ್ಲವನೇ. ಹಗ್ಗವನ್ನು ಕೈಯಲ್ಲಿ ಸವರಿ ನೋಡಿದ, ಕ್ಲಚ್ಚು ಎರಡು ಸಲ ಹಾಕಿ ಬಿಟ್ಟು ನೋಡಿದ. ಆಮೇಲೆ ಕೇಳಿದ:

"ಗುರುತು ಎಲ್ಲೈತ್ರಿ ಸಾಹೇಬ್ರ?"

ಬಕೆಟ್ಟು ಅಟ್ಟಣಿಗೆ ತಲುಪಿದಾಗ ಹಗ್ಗದ ಯಾವ ಜಾಗ ವಿಂಚಿನ ಬಳಿ ಬರುತ್ತದೋ ಅಲ್ಲಿ ಒಂದು ಬಟ್ಟೆಯ ಚೂರು ಕಟ್ಟುವುದು ವಾಡಿಕೆ. ಅದನ್ನು ನೋಡಿಕೊಂಡರೆ ಆಪರೇಟರಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುತ್ತದೆ. ಇವನು ಕೇಳಿದ್ದು ಅದನ್ನೇ.

"ಗುರುತು ಬೇಡ ಗುರುವೇ," ಎಂದ ನಮ್ಮವನು. "ನಾನು ಮೇಲಿಂದ ಕೂಗ್ತೀನಿ. ಕೂಗಿದ ಕೂಡಲೇ ನಿಲ್ಸು, ಆಯ್ತಾ?"

"ಆತ್ರೀ."

ಇದನ್ನು ನಾನು ಎರಡು ಮಾರು ದೂರದಿಂದ ಕೇಳಿದೆ.

ಅವನು ಸಾರುವೆ ಹತ್ತಿ ಮೇಲೆ ಹೋದ. ಮೊದಲಿನ ಬಕೆಟ್ಟುಗಳು ಸರಿಯಾಗಿ ಹೋದವು. ಬಕೆಟ್ಟು ತಲುಪಿದಾಗ ಮೇಲಿಂದ "ನಿಲ್ಸು!" ಎಂದು ಕೇಳುತ್ತಿತ್ತು, ಆಪರೇಟರ್ ನಿಲ್ಲಿಸುತ್ತಿದ್ದ. ನಾನು ಬಾವುಟದವನಿಲ್ಲದೆ ಕೆಲಸ ನಡೆಯುವುದನ್ನು ನೋಡುತ್ತ, ನಾಳೆಯಿಂದ ನಾನೂ ಹೀಗೇ ಮಾಡಬೇಕಾಗುತ್ತದೆ, ನನ್ನ ಗಂಟಲು ಇಷ್ಟು ಜೋರಿಲ್ಲವಲ್ಲ ಎಂದು ಯೋಚಿಸುತ್ತಿದ್ದೆ.

ಆಮೇಲಿನ ಬಕೆಟ್ಟು ಹೋಗುತ್ತಿದ್ದಾಗ ಮೇಲೆ ಏನೋ ಗದ್ದಲವಾಯಿತು. ಬಕೆಟ್ಟು ವಾಲಿ ಕಾಂಕ್ರೀಟು ಒಂದು ಕಡೆ ಚೆಲ್ಲತೊಡಗಿತ್ತಂತೆ. ಇದು ನನಗೆ ಆಮೇಲೆ ತಿಳಿದದ್ದು. ನಾನು ಕೇಳಿದ್ದು ಅವನ ದನಿ. ಗಾಬರಿಯ ದನಿ.

"ಚಾಲು! ಚಾಲು! ಚಾಲು!"

ನಮ್ಮ ಕಡೆ ತೆಲುಗು ಯಾರ ಕಿವಿಗೂ ಹೊಸದಲ್ಲ. ಚಾಲು ಎಂದರೆ ತೆಲುಗಿನಲ್ಲಿ ಸಾಕು. ಬಡಿಸುವವರಿಗೆ ಚಾಲು ಎಂದರೆ ಕೈ ನಿಲ್ಲಿಸುತ್ತಾರೆ. ನನಗೂ ಹಾಗೇ ಕೇಳಿಸಿತು, ಸಾಕು, ನಿಲ್ಲಿಸು ಎಂದು. ಹುಬ್ಬಳ್ಳಿಯವನಿಗೆ ಆ ಮಾತು ಒಂದೇ ಅರ್ಥ ಕೊಡುತ್ತದೆ: ನಡೆಯಲಿ, ಓಡಿಸು. ಅವನು ತಲೆಯಾಡಿಸಿದ್ದನ್ನು ನಾನು ನೋಡಿದೆ. ಹಿಡಿಯ ಮೇಲಿದ್ದ ಅವನ ಕೈ ಮುಂದಕ್ಕೆ ಹೋದದ್ದನ್ನು ನೋಡಿದೆ. ಇಂಜಿನ್ನಿನ ಸದ್ದು ಏರಿತು. ನಾನು "ನಿಲ್ಸೋ!" ಎಂದು ಕೂಗಿದೆ. ಬಕೆಟ್ಟು ಮೇಲಿನ ರಾಟೆಗೆ ಹೋಗಿ ತಗುಲಿತಂತೆ, ಹಗ್ಗ ಬಿಗಿದು ಹರಿಯಿತು. ನಾನು ಕೂಗಿದ್ದು ಮೊದಲೋ ಹಗ್ಗ ಹರಿದದ್ದು ಮೊದಲೋ ನನಗೆ ಗೊತ್ತಿಲ್ಲ. ಎಷ್ಟು ಸಲ ನೆನೆದುಕೊಂಡರೂ ಆ ಎರಡು ಒಟ್ಟಿಗೇ ಬರುತ್ತವೆ.

ಬಕೆಟ್ಟು ಬಿದ್ದುದನ್ನು ನಾನು ನೋಡಲಿಲ್ಲ. ಹಲಗೆಯ ಮೇಲೆ ಬಿದ್ದ ಸದ್ದು ಕೇಳಿದೆ. ಅದರ ಹಿಂದೆಯೇ ಒಬ್ಬ ಮನುಷ್ಯನ ಕೂಗು.

ಸಾರುವೆಯನ್ನು ನಾನು ಹೇಗೆ ಹತ್ತಿದೆನೋ ನೆನಪಿಲ್ಲ. ಅರ್ಧಕ್ಕೆ ಬಂದಾಗ ಸೂಪರ್‌ವೈಸರ್ ಇಳಿಯುತ್ತ ಎದುರಾದ. ಕಂಬಿ ಕಟ್ಟುವ ಹುತ್ತೂರಿನ ಮೇಸ್ತ್ರಿಯನ್ನು ತೋಳಲ್ಲಿ ಎತ್ತಿಕೊಂಡಿದ್ದ. ಅಂಗಿ ಕಳಚಿ ಮೇಸ್ತ್ರಿಯ ಬಲಗೈಗೆ ಸುತ್ತಿದ್ದ. ಅಂಗಿ ಪೂರ್ತಿ ಕೆಂಪಾಗಿತ್ತು. "ಜಾಗ, ಜಾಗ, ಅಣ್ಣಾ ಜಾಗ," ಎಂದ. ನಾನು ಕಂಬಕ್ಕೆ ಒತ್ತಿ ನಿಂತು ದಾರಿ ಬಿಟ್ಟೆ. ಕೆಳಗೆ ಎಲ್ಲರೂ ಅವನ ಸುತ್ತ ಓಡಿದರು, ಅವನು ಹೇಳಿದ್ದನ್ನು ಮಾಡಿದರು, ಒಬ್ಬ ಮರಳಿನ ಲಾರಿಗೆ ಓಡಿದ, ಒಬ್ಬಳು ನೀರು ತಂದಳು. ಅಂಥ ಹೊತ್ತಿನಲ್ಲೂ ನನ್ನ ಮನಸ್ಸು, ಇದು ಮುಳಬಾಗಿಲಿನಲ್ಲಿ ಆಗಿದ್ದರೆ ನನ್ನ ಜನ ನನ್ನ ಮಾತು ಹೀಗೆ ಕೇಳುತ್ತಿದ್ದರೇ ಎಂದು ಅಳೆಯಿತು.

ಆಪರೇಟರ್ ಇಂಜಿನ್ನು ಆರಿಸಿ ನೆಲದ ಮೇಲೆ ಕೂತಿದ್ದ.

"ಚಾಲೂ ಅಂದ್ರಲ್ರೀ... ಅವ್ರ ಚಾಲೂ ಅಂದ್ರು. ನೀವೂ ಕೇಳಿದ್ರಿಲ್ಲೋ?" ಎಂದು ನನ್ನನ್ನು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಹೋಳೂರಿನವಳು, "ಅಯ್ಯೋ ನಿನ್ನ! ಚಾಲು ಅಂದ್ರೆ ಸಾಕು ಅಂತ ಕಣೋ ನಮ್ ಕಡೆ! ಸಾಕು ಅಂತ!" ಎಂದು ಎದೆಗೆ ಹೊಡೆದುಕೊಂಡಳು. ಅವನು ಅವಳನ್ನೇ ನೋಡುತ್ತ ಕೂತ.

ಕೋಲಾರದ ದೊಡ್ಡಾಸ್ಪತ್ರೆಯಲ್ಲಿ ಮೇಸ್ತ್ರಿಯ ಜೀವ ಉಳಿಯಿತು. ಬಲಗೈಯ ಬೆರಳುಗಳು ಹೋದವು. ಹೆಬ್ಬೆರಳು ಉಳಿಯಿತು. ಎರಡು ದಿನದ ಮೇಲೆ ನಾನು ನೋಡಲು ಹೋದಾಗ ಗೋಡೆಗೆ ಒರಗಿ ಕೂತಿದ್ದ.

"ಬಕೆಟ್ಟಿನ ಕೆಳಗೆ ಯಾಕಪ್ಪಾ ಹೋದೆ?" ಎಂದು ಕೇಳಿದೆ. ನನಗೆ ಅರ್ಥವಾಗದೇ ಇದ್ದದ್ದು ಅದೊಂದೇ. ಚೆಲ್ಲುತ್ತಿದ್ದ ಬಕೆಟ್ಟಿನ ಕೆಳಗೆ ಅನುಭವಸ್ಥ ಯಾಕೆ ಹೋಗುತ್ತಾನೆ?

"ವಾಲಿತ್ತು ಸಾರ್. ಹಿಡಿದು ನೆಟ್ಟಗೆ ಮಾಡಬೇಕಿತ್ತು. ಸಾರು ಚಾಲು ಅಂದ್ರಲ್ಲ. ಇನ್ನೇನು ನಿಂತೋಯ್ತದೆ ಅಂತ ಕೈ ಚಾಚ್ದೆ," ಎಂದ.

ಆ ಮಾತನ್ನು ಸರಿಯಾಗಿ ತಿಳಿದುಕೊಂಡದ್ದಕ್ಕೇ ಅವನ ಕೈ ಹೋಯಿತು.

ಆಸ್ಪತ್ರೆಯಿಂದ ನೇರವಾಗಿ ಆಫೀಸಿಗೆ ಹೋದೆ. ಮ್ಯಾನೇಜರು ಒಬ್ಬರೇ ಇದ್ದರು. ಹಲಗೆಯನ್ನು ಯಾರೂ ಒರೆಸಿರಲಿಲ್ಲ.

"ಕೂತ್ಕೊ," ಎಂದರು. ಕಾಫಿ ತರಿಸಿದರು. ಮೊದಲ ಲೋಟ ನನ್ನ ಕಡೆ ತಳ್ಳಿದರು. "ಸೋಮವಾರ ಕಾರ್ಮಿಕ ಇಲಾಖೆಯ ಅಧಿಕಾರಿ ಬರ್ತಾರೆ. ನೀನು ಅಲ್ಲೇ ನಿಂತಿದ್ದವನು. ನಿನ್ನ ಕೇಳ್ತಾರೆ. ಏನು ಹೇಳ್ತೀಯ?"

"ಕಂಡದ್ದು, ಕೇಳಿದ್ದು ಹೇಳ್ತೀನಿ ಸಾರ್."

"ಹೇಳು, ಯಾರು ಬೇಡ ಅಂದ್ರು? ಅವನು ಚಾಲು ಅಂತ ಕೂಗಿದ್ದು ಹೇಳು. ಗುರುತು ಬೇಡ ಅಂದದ್ದು ಹೇಳು. ಬಾವುಟದವನು ಇರ್ಲಿಲ್ಲ ಅಂತ್ಲೂ ಹೇಳು. ಯಾಕಿರ್ಲಿಲ್ಲ ಅಂತ ಕೇಳಿದ್ರೆ, ಅದು ಅವನ ಸ್ವಂತ ತೀರ್ಮಾನ, ಆಫೀಸಿಗೆ ಗೊತ್ತಿರ್ಲಿಲ್ಲ. ಅಷ್ಟೇ ಒಂದು ಮಾತು."

ನಾನು ಲೋಟ ಹಿಡಿದುಕೊಂಡೇ ಇದ್ದೆ.

"ಅವನು ಏನಂತಾನೆ ಸಾರ್?"

"ನಾನೇ ತೆಗೆಯೋಕೆ ಹೇಳಿದೆ ಅಂತಾನೆ. ಅವನ ಕುತ್ತಿಗೆಗೆ ಬಂದಿದೆ, ಏನು ಬೇಕಾದ್ರೂ ಅಂತಾನೆ. ಯಾರು ನಂಬ್ತಾರೆ?" ಹಲಗೆಯ ಕಡೆ ತಿರುಗಿ, "ಮಾಲೂರಿಗೆ ಯಾರನ್ನಾದ್ರೂ ಕಳಿಸಲೇಬೇಕಲ್ಲ ಕಣಯ್ಯ. ಅವನನ್ನಂತೂ ಇನ್ನು ಕಳಿಸೋಕಾಗಲ್ಲ," ಎಂದರು.

ಮುಳಬಾಗಿಲಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನಾನು ಹೇಳಬೇಕಾದ್ದನ್ನು ಮೊದಲಿಂದ ಮನಸ್ಸಿನಲ್ಲೇ ಹೇಳಿಕೊಂಡೆ. ಎಲ್ಲಿ ನಿಂತಿದ್ದೆ, ಗುರುತಿನ ಮಾತು, ಚಾಲು, ಆಪರೇಟರಿನ ಕೈ. ಎಲ್ಲ ನಿಜ. ಯಾವುದನ್ನೂ ಸೇರಿಸಬೇಕಿರಲಿಲ್ಲ. ನಿಜವನ್ನು ಹೇಳಿಯೇ ಅವನನ್ನು ಕೆಳಗಿಳಿಸುವ ಅವಕಾಶ ಇಂಥದ್ದು ಮತ್ತೆ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಒಂದು ಬಗೆಯ ಸಂತೋಷವೂ ಆಗುತ್ತಿತ್ತು, ಅದನ್ನು ಇಲ್ಲವೆನ್ನುವುದಿಲ್ಲ. ಕೊನೆಯ ವಾಕ್ಯಕ್ಕೆ ಬಂದಾಗ ಮಾತ್ರ ಪ್ರತಿ ಸಲವೂ ತಡೆಯಿತು. "ಆಫೀಸಿಗೆ ಗೊತ್ತಿರಲಿಲ್ಲ" ಎಂದು ಮನಸ್ಸು ಹೇಳಲು ಹೊರಟರೆ ಮೇಜು ತಟ್ಟಿದ ಸದ್ದು ಕೇಳುತ್ತಿತ್ತು. "ತಲೆ ಅಂದ್ರೆ ಇದು." ನಾನು ಆ ಹೊಗಳಿಕೆಯನ್ನು ಗುರುವಾರದವರೆಗೆ ನಾಲ್ಕು ದಿನ ಹಗಲೂ ರಾತ್ರಿ ಅಗಿದಿದ್ದೆ. ಯಾವ ಪದದ ಮೇಲೆ ಒತ್ತು ಬಿತ್ತು, ಎಲ್ಲಿ ನಿಲ್ಲಿಸಿದರು, ಹೇಳುವಾಗ ಅವನ ಮುಖ ಹೇಗೆ ಅರಳಿತು, ಎಲ್ಲ ನನ್ನಲ್ಲಿ ಅಚ್ಚಾಗಿತ್ತು. ಬೇರೆಯವರಿಗೆ ಸಿಕ್ಕ ಹೊಗಳಿಕೆಯನ್ನು ಮರೆಯಲು ನನ್ನಿಂದ ಆಗುತ್ತಿರಲಿಲ್ಲ. ಅದನ್ನು ಕೇಳಿಯೇ ಇಲ್ಲ ಎನ್ನುವುದು ಇನ್ನೂ ಆಗದ ಕೆಲಸ.

ಸೋಮವಾರ ಅಧಿಕಾರಿ ಬಂದರು. ವಯಸ್ಸಾದವರು, ನಿಧಾನವಾಗಿ ಬರೆದುಕೊಳ್ಳುವವರು. ಮ್ಯಾನೇಜರು ಪಕ್ಕದ ಕುರ್ಚಿಯಲ್ಲಿ, ಅವನು ಬಾಗಿಲ ಬಳಿ ನಿಂತಿದ್ದ. ಅಂಗಿಗೆ ಇಸ್ತ್ರಿ ಇರಲಿಲ್ಲ. ನಾನು ಹೇಳುತ್ತ ಹೋದೆ. ಬಾವುಟದವನ ವಿಷಯ ಬಂತು.

"ಯಾಕಿರ್ಲಿಲ್ಲ?"

"ಇವರು ತೆಗೆದಿದ್ದರು ಸಾರ್. ತೆಗೆದದ್ದನ್ನು ಹಿಂದಿನ ಶನಿವಾರ ಆಫೀಸಿನಲ್ಲಿ ಹೇಳಿದರು. ಆಗ ನಾನಿದ್ದೆ." ಆಮೇಲೆ ಮ್ಯಾನೇಜರು ಹೇಳಿದ್ದನ್ನು, ತಲೆ ಅಂದ್ರೆ ಇದು ಎಂಬಲ್ಲಿಂದ ಕಲಿತ್ಕೊ ಎಂಬಲ್ಲಿಯವರೆಗೆ, ಒಂದು ಪದ ಬಿಡದೆ ಹೇಳಿದೆ.

ಮ್ಯಾನೇಜರ ಕುರ್ಚಿ ಕಿರ್ರೆಂದಿತು. ಅಧಿಕಾರಿ ತಲೆಯೆತ್ತಿದರು.

"ವಾರದ ಮೇಲಾಯ್ತಲ್ಲ. ಇಷ್ಟು ಸರಿಯಾಗಿ ಹೇಗೆ ನೆನಪಿದೆ?"

"ಅದು ನನಗೆ ಹೇಳಿದ ಮಾತಲ್ಲ ಸಾರ್. ಅವನಿಗೆ ಹೇಳಿದ್ದು. ಅದಕ್ಕೇ ನೆನಪಿದೆ."

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಮತ್ತೆ ಬರೆಯತೊಡಗಿದರು.

ಮೇಸ್ತ್ರಿಗೆ ಗುತ್ತಿಗೆದಾರರು ಪರಿಹಾರ ಕೊಟ್ಟರು. ಆಪರೇಟರ್ ಮೇಲೆ ತಪ್ಪು ಹೊರಿಸಲಿಲ್ಲ, ಆದರೆ ಅವನು ತಾನಾಗಿಯೇ ಊರಿಗೆ ಹೋದ. ಮ್ಯಾನೇಜರು ಗುತ್ತಿಗೆದಾರರಿಂದ ಬೈಸಿಕೊಂಡು, ಇದ್ದ ಜಾಗದಲ್ಲೇ ಉಳಿದರು. ಅವರು ನನಗೆ ಕೋಪದಿಂದ ಒಂದು ಮಾತೂ ಆಡಲಿಲ್ಲ. ಹಲಗೆಯ ಎಡಗಡೆಯ ಬಗ್ಗೆ ತಮಾಷೆ ಮಾಡುವುದನ್ನು ನಿಲ್ಲಿಸಿದರು, ಅಷ್ಟೇ.

ಅದರ ಮುಂದಿನ ವಾರ ನಾನು ಮುಳಬಾಗಿಲಿನ ಲೆಕ್ಕದಲ್ಲಿ ಒಂದು ಬದಲಾವಣೆ ಮಾಡಿದೆ. ಬಾವುಟದವನನ್ನು ಕೂಲಿ ಬಾಬ್ತಿನಿಂದ ತೆಗೆದು ಯಂತ್ರದ ಬಾಬ್ತಿಗೆ ಹಾಕಿದೆ. ವಿಂಚು ಎಂದರೆ ಇಂಜಿನ್ನು, ಹಗ್ಗ, ಡೀಸೆಲು, ಆಪರೇಟರು, ಬಾವುಟದವನು. ಕೂಲಿ ಬಾಬ್ತಿನಲ್ಲಿದ್ದರೆ ಅವನು ಒಬ್ಬ ಆಳು. ಕೂಲಿ ಇಳಿಸಬೇಕೆಂದು ಹೊರಟವರ ಕಣ್ಣಿಗೆ ಮೊದಲು ಬೀಳುವವನೇ ಸುಮ್ಮನೆ ನಿಂತವನು. ಯಂತ್ರದಲ್ಲಿ ಸೇರಿಸಿಬಿಟ್ಟರೆ ಹಗ್ಗವನ್ನು ಹೇಗೆ ತೆಗೆದುಹಾಕಲಾಗುವುದಿಲ್ಲವೋ ಹಾಗೆ ಅವನನ್ನೂ ತೆಗೆದುಹಾಕಲಾಗುವುದಿಲ್ಲ. ಒಟ್ಟು ಖರ್ಚು ಅದೇ. ಜಾಗ ಮಾತ್ರ ಬೇರೆ. ನನ್ನ ಕೆಲಸದ ಕಾಲದಲ್ಲಿ ನಾನು ಮಾಡಿದ ಒಳ್ಳೆಯ ತೀರ್ಮಾನ ಇದೊಂದು ಎಂದು ಈಗಲೂ ತಿಳಿದಿದ್ದೇನೆ.

ಮಾಲೂರಿಗೆ ಅವನನ್ನೇ ಕಳಿಸಿದರು.

ಆಫೀಸಿನ ಒಪ್ಪಿಗೆಯಿಂದ ನಡೆದದ್ದು ಎಂದಾದ ಮೇಲೆ ಅವನೊಬ್ಬನ ತಪ್ಪು ಎನ್ನುವಂತಿರಲಿಲ್ಲ. ಮೇಸ್ತ್ರಿಯನ್ನು ಹೊತ್ತು ಇಳಿಸಿದ್ದು ಗುತ್ತಿಗೆದಾರರ ಕಿವಿಗೆ ಬಿದ್ದಿತ್ತು. ಅಂಕಿಯೂ ಅವನ ಕಡೆಯೇ ಕಡಿಮೆಯಿತ್ತು. ಸುದ್ದಿ ಬಂದ ದಿನ ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಅವನು ನನ್ನನ್ನು ಹುಡುಕಿಕೊಂಡು ಬಂದ.

"ಅಣ್ಣಾ, ನೀನು ನನ್ನ ಉಳಿಸಿದೆ ಅಂತ ಎಲ್ಲಾರೂ ಅಂತಿದಾರೆ."

"ನಾನು ಕೇಳಿದ್ದು ಹೇಳಿದೆ."

"ಗೊತ್ತು. ನನ್ನ ಉಳಿಸೋಕೆ ಹೇಳಲಿಲ್ಲ ನೀನು." ಅವನು ನಗಲಿಲ್ಲ. "ಅದಕ್ಕೇ ಅವರು ನಂಬಿದ್ದು."

ಅವನ ಬಸ್ಸು ಬಂತು. ಹತ್ತಿ ಹೋದ. ಮಾಲೂರಿನಲ್ಲಿ ಅವನು ಬಾವುಟದವನನ್ನು ಯಂತ್ರದ ಬಾಬ್ತಿಗೆ ಹಾಕಿದನಂತೆ. ಅದು ಅವನದೇ ಉಪಾಯ ಎಂದು ಮ್ಯಾನೇಜರು ಶನಿವಾರ ಹೊಸಬರಿಗೆಲ್ಲ ಹೇಳುತ್ತಿದ್ದರು. ನಾನು ತಿದ್ದಲಿಲ್ಲ. ಎರಡು ವರ್ಷದ ಮೇಲೆ ಆ ಕೆಲಸ ಬಿಟ್ಟೆ.

ಆ ಗುರುವಾರ ಅಲ್ಲಿದ್ದವರಲ್ಲಿ, ನನಗೆ ತಿಳಿದಂತೆ, ನನ್ನನ್ನು ಬಿಟ್ಟು ನಾಲ್ವರು ಬದುಕಿದ್ದಾರೆ. ವಿಂಚಿನ ಆಪರೇಟರ್ ತನ್ನೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾನೆ. ಮಾತು ಕೇಳಿ ಹಿಡಿ ತಳ್ಳಿದವನು ಅವನು. ಹೋಳೂರಿನ ಹೆಂಗಸಿಗೆ ಕಣ್ಣು ಮಂಜಾಗಿದೆ, ನೆನಪು ಚೆನ್ನಾಗಿದೆ. ಅವಳು ಮಿಕ್ಸರಿನ ಬಳಿಯಿಂದ ಬಕೆಟ್ಟು ರಾಟೆಗೆ ತಗುಲಿದ್ದನ್ನು ನೋಡಿದ್ದಾಳೆ, ನಾನು ನೋಡಿಲ್ಲ. ಮೇಸ್ತ್ರಿ ಹುತ್ತೂರಿನಲ್ಲಿ ಮಗನ ಜೊತೆ ರೇಷ್ಮೆ ಹುಳು ಸಾಕುತ್ತಾನೆ, ಹಿಪ್ಪುನೇರಳೆ ಸೊಪ್ಪನ್ನು ಎಡಗೈಯಲ್ಲಿ ಕೊಯ್ಯುತ್ತಾನೆ. ಮ್ಯಾನೇಜರು ತೀರಿಕೊಂಡರು. ಅವರು ಅಂದು ಅಲ್ಲಿರಲಿಲ್ಲವಾದ್ದರಿಂದ ಅವರನ್ನು ಇಲ್ಲಿ ಎಣಿಸುವಂತಿಲ್ಲ.

ನಾಲ್ಕನೆಯವನು ಅವನು. ಶ್ರೀನಿವಾಸಪುರಕ್ಕೇ ವಾಪಸು ಬಂದಿದ್ದಾನೆ, ಮಗಳ ಮನೆಯಲ್ಲಿದ್ದಾನೆ. ಎಲ್ಲವನ್ನೂ ಮೇಲಿಂದ, ಹತ್ತಿರದಿಂದ ನೋಡಿದವರಲ್ಲಿ ಮೇಸ್ತ್ರಿಯನ್ನು ಬಿಟ್ಟರೆ ಉಳಿದವನು ಅವನೊಬ್ಬನೇ. ನಾನು ಬರೆದದ್ದರಲ್ಲಿ ಎಲ್ಲಾದರೂ ತಪ್ಪಿದ್ದರೆ ಅವನು ಹೇಳಬಲ್ಲ. ಅವನು ಹೇಳಿದರೆ ಜನ ನಂಬುತ್ತಾರೆ. ಅವನನ್ನು ಮೊದಲಿಂದಲೂ ನಂಬುತ್ತಿದ್ದರು.